ಡ್ರಮ್ಮಿನ ಹೊಟ್ಟೆ ತುಂಬಿಸಿದ ಭಾವ

ನನ್ನ ಅಕ್ಕನ ಗಂಡ ಹಾಸಿಗೆ ಹೊಲಿಯುವವರು. ಮೂವತ್ತೊಂದು ವರ್ಷಗಳಿಂದ ಅದೇ ಬೀದಿಯ ಅದೇ ಅಂಗಡಿಯಲ್ಲಿ, ಕಿಟಕಿಗೆ ಬೆನ್ನು ಕೊಟ್ಟು ಕುಳಿತು, ಪರರ ನಿದ್ರೆಗೆ ಏರ್ಪಾಡು ಮಾಡುತ್ತ ಬಂದಿದ್ದಾರೆ. ಸದ್ದು ಅವರಿಗೆ ಯಾವ ರೂಪದಲ್ಲಿಯೂ ಆಗದು. ಹೊಲಿಗೆ ಯಂತ್ರಕ್ಕೆ ವಾರಕ್ಕೆರಡು ಬಾರಿ ಎಣ್ಣೆ ಬಿಡುತ್ತಾರೆ, ಬಾಗಿಲಿನ ಕೀಲುಗಳಿಗೆ ತಿಂಗಳಿಗೊಮ್ಮೆ. ಮದುವೆಯಾದ ಹೊಸತರಲ್ಲಿ ಅಕ್ಕನ ಬೀಗದ ಕೈ ಗೊಂಚಲಿಗೆ ಬಟ್ಟೆಯ ಚೀಲವೊಂದನ್ನು ಹೊಲಿದು ಕೊಟ್ಟಿದ್ದರು. ಅದು ಉಡುಗೊರೆಯೆಂದು ಅಕ್ಕ ಎರಡು ವರ್ಷ ನಂಬಿದ್ದಳು. ಇಂಥ ಮನುಷ್ಯನಿಂದಾಗಿ ಒಂದು ರಾಕ್ ತಂಡವನ್ನು ಜನ ಡ್ರಮ್ಮಿನ ಒಂದೇ ಏಟಿಗೆ ಗುರುತಿಸುವಂತಾಯಿತು ಎಂದರೆ ನಂಬುವುದು ಕಷ್ಟ. ದಿನಚರಿಯನ್ನು ತೆರೆದು ತಾರೀಖುಗಳನ್ನು ತಾಳೆ ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಹಾಸಿಗೆಯ ಕಸುಬಿನಲ್ಲಿ ಕೈಗಿರುವಷ್ಟೇ ಕೆಲಸ ಕಿವಿಗೂ ಇದೆ. ಭಾವ ಯಾವುದೇ ಹಾಸಿಗೆಯನ್ನು ಅಂಗೈಯಿಂದ ಒಮ್ಮೆ ತಟ್ಟಿ, ಒಳಗಿರುವುದು ಹೊಸ ಹತ್ತಿಯೋ, ಹಳೆಯದನ್ನು ಹಿಂಜಿ ತುಂಬಿದ್ದೋ, ತೆಂಗಿನ ನಾರೋ, ಸ್ಪಂಜೋ ಎಂದು ಹೇಳಬಲ್ಲರು. ಅಂಗಡಿಯ ಬೋರ್ಡಿನ ಮೇಲೆ ಅವರ ಹೆಸರಿಲ್ಲ. ‘ಇಲ್ಲಿ ಹಳೆಯ ಹತ್ತಿ, ಚೂರುಪಾರು ಬಳಸುವುದಿಲ್ಲ’ ಎಂಬ ಒಂದು ವಾಕ್ಯವಿದೆ. ಎದುರು ಸಾಲಿನ ಹಾಸಿಗೆಯಂಗಡಿಯವನು ಅದನ್ನು ತನ್ನನ್ನು ಕುರಿತೇ ಬರೆಸಿದ್ದೆಂದು ತಿಳಿದು ಹನ್ನೊಂದು ವರ್ಷ ಮಾತು ಬಿಟ್ಟಿದ್ದ. ಅವನು ತಿಳಿದದ್ದು ಸರಿಯಾಗಿಯೇ ಇತ್ತು.

ಅಂಗಡಿಯ ಮೇಲಿನ ಖಾಲಿ ಕೋಣೆಯನ್ನು ಅಕ್ಕ ನಾಲ್ವರು ಸಂಗೀತಗಾರರಿಗೆ ಕೊಟ್ಟಳು. ಭಾವನನ್ನು ಕೇಳಲಿಲ್ಲ, ಕೇಳಿದರೆ ಬೇಡವೆನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. “ಸಂಗೀತ ಅಂದ್ರು. ಕೊಳಲು ಗಿಳಲು ಅಂದ್ಕೊಂಡೆ,” ಎಂದು ಆಮೇಲೆ ನನ್ನೆದುರು ಸಮರ್ಥಿಸಿಕೊಂಡಳು. ಒಬ್ಬ ಹಾಡುಗಾರ, ಗಿಟಾರಿನವರು ಇಬ್ಬರು, ಮತ್ತೊಬ್ಬ ಡ್ರಮ್ಮಿನವನು. ಈ ಕೊನೆಯವನು ಹಗಲು ಮನೆಮನೆ ತಿರುಗಿ ವಿದ್ಯುತ್ ಮೀಟರು ಓದುವ ನೌಕರ. ಮೂವತ್ತು ದಾಟಿದ, ಉದ್ದನೆಯ, ಸಾಧು ಸ್ವಭಾವದ ಮನುಷ್ಯ. ವಾರ ತುಂಬುವುದರೊಳಗೆ ಅಕ್ಕ ಅವನಿಗೆ ಗುದ್ದಪ್ಪ ಎಂದು ಹೆಸರಿಟ್ಟಳು. ಅವನು ಅದಕ್ಕೆ ಓಗೊಡತೊಡಗಿದ.

ಅಭ್ಯಾಸ ಸಂಜೆ ಐದರಿಂದ ಏಳರವರೆಗೆ. ಭಾವನ ಅಂಗಡಿಗೆ ಗಿರಾಕಿಗಳು ಬರುವುದೂ ಆ ಹೊತ್ತಿಗೇ. ಅವರನ್ನು ಹಾಸಿಗೆಯ ಮೇಲೆ ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ಐದು ನಿಮಿಷ ಸುಮ್ಮನೆ ಬಿಟ್ಟುಬಿಡುವುದು ಭಾವನ ವ್ಯಾಪಾರದ ಏಕೈಕ ಜಾಣ್ಮೆ. ಮೊದಲ ದಿನ ಐದು ಗಂಟೆ ಹತ್ತು ನಿಮಿಷಕ್ಕೆ, ಒಬ್ಬ ನಿವೃತ್ತ ಮೇಷ್ಟರು ಹಾಗೆ ಕಣ್ಣು ಮುಚ್ಚಿದ್ದಾಗ, ಮೇಲಿನಿಂದ ‘ಢಂ’ ಎಂದಿತು. ಮೇಷ್ಟರು ಎದ್ದು ಕುಳಿತು ಚಪ್ಪಲಿ ಹುಡುಕಿದರು.

“ಮಲಗೋಕೆ ಹಾಸಿಗೆ ಬೇಕಿತ್ತು ಕಣಯ್ಯಾ. ಏಳೋದು ನನಗೆ ಮೊದಲೇ ಬರುತ್ತೆ.”

ಭಾವ ಜಗಳವಾಡಲಿಲ್ಲ. ಅಳತೆಪಟ್ಟಿ ಹಿಡಿದು ಮೆಟ್ಟಿಲು ಹತ್ತಿದರು. ಕಾಲಿನ ಪೆಡಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ಮುಂದೆ ಮಂಡಿಯೂರಿ ಅಳೆದರು. ಇಪ್ಪತ್ತೆರಡು ಅಂಗುಲ ಅಡ್ಡ, ಹದಿನೆಂಟು ಆಳ.

“ಇದರೊಳಗೆ ಏನಿದೆ?”

“ಏನೂ ಇಲ್ಲ ಸಾರ್. ಗಾಳಿ.”

“ಅದೇ ತೊಂದರೆ.”

ಮರುದಿನ ಎರಡು ಚೀಲ ಹೊತ್ತು ಹೋದರು. ಅಂಗಡಿಯ ನೆಲದಿಂದ ಗುಡಿಸಿದ್ದು: ನಾರಿನ ತುಂಡು, ಸ್ಪಂಜಿನ ಚೂರು, ಗಂಟುಗಟ್ಟಿದ ಹತ್ತಿ, ದಾರದ ಕೊನೆಗಳು, ಯಾರೋ ಬಿಟ್ಟುಹೋದ ಅರ್ಧ ದಿಂಬು. ಡ್ರಮ್ಮಿನ ಮುಂದಿನ ಚರ್ಮ ಬಿಚ್ಚಿಸಿ ಅವೆಲ್ಲವನ್ನೂ ಒಳಗೆ ತುರುಕುವಾಗ ಗುದ್ದಪ್ಪ ಕೈ ಹಿಸುಕಿಕೊಳ್ಳುತ್ತಿದ್ದ.

“ಸದ್ದು ಪೂರ್ತಿ ಸಾಯಿಸ್ಬೇಡಿ ಸಾರ್. ದೊಡ್ಡ ದೊಡ್ಡ ತಂಡಗಳನ್ನ ಜನ ಗುರುತು ಹಿಡಿಯೋದೇ ಡ್ರಮ್ಮಿಂದ. ಒಂದು ತಂಡದ್ದು ಖಾಲಿ ಗೋದಾಮಲ್ಲಿ ಬಾಗಿಲು ಬಡಿದ ಹಾಗೆ. ಇನ್ನೊಂದರದ್ದು ತಗಡಿನ ಡಬ್ಬಕ್ಕೆ ಕಲ್ಲು ಬಿದ್ದ ಹಾಗೆ. ಹಾಡೇ ಬೇಡ, ಒಂದು ಏಟು ಕೇಳಿದ್ರೆ ಸಾಕು, ಯಾರು ಅಂತ ಹೇಳ್ಬಹುದು.”

“ನಿಮ್ಮದು ಹೇಗೆ?”

“ನಮ್ಮದು ಇನ್ನೂ ಬಂದಿಲ್ಲ ಸಾರ್.”

“ಬರೋದು ಬೇಡ,” ಎಂದು ಭಾವ ಅರ್ಧ ದಿಂಬನ್ನು ಕೊನೆಯದಾಗಿ ತುರುಕಿ ಚರ್ಮ ಬಿಗಿದರು.

ಆದರೆ ಬಂತು. ಪಕ್ಕದ ಮನೆಯಲ್ಲಿ ಯಾರೋ ಭಾರವಾದ ಕಬ್ಬಿಣದ ಪೆಟ್ಟಿಗೆಯನ್ನು ಹಾಸಿಗೆಯ ಮೇಲೆ ಬೀಳಿಸಿ, ಬೀಳಿಸಿದ್ದಕ್ಕೆ ಕೂಡಲೇ ನಾಚಿಕೊಂಡಂಥ ಒಂದು ಸದ್ದು: ‘ಧುಪ್’. ಕೆಳಗಿನ ಅಂಗಡಿಗೆ ಅದು ಕೇಳಿಯೂ ಕೇಳದಂತಿತ್ತು. ಭಾವ ತೃಪ್ತರಾದರು. ಮೇಲಿನವರು ಎರಡು ದಿನ ಮುಖ ಊದಿಸಿಕೊಂಡು, ಮೂರನೆಯ ದಿನ ಅಭ್ಯಾಸವಾಗಿ, ನಾಲ್ಕನೆಯ ತಿಂಗಳಲ್ಲಿ ಒಂದು ಹಾಡನ್ನು ಧ್ವನಿಮುದ್ರಿಸಿದರು. ಹಾಡು ಸಾಧಾರಣವಾಗಿತ್ತು. ಆ ಧುಪ್ ಮಾತ್ರ ಹೇಗೋ ಜನರ ಎದೆಯೊಳಗೆ ಕುಳಿತುಬಿಟ್ಟಿತು. ರೇಡಿಯೋದವನೊಬ್ಬ, ಈ ತಂಡವನ್ನು ಒಂದೇ ಏಟಿಗೆ ಗುರುತಿಸಬಹುದು ಎಂದ. ಇದರ ಗುಟ್ಟೇನೆಂದು ಕೇಳಿದವರಿಗೆ ಗುದ್ದಪ್ಪ ಮೊದಮೊದಲು, “ಅದು ಹಾಗೇ ಬರುತ್ತೆ,” ಎನ್ನುತ್ತಿದ್ದ. ಕೇಳುವವರು ಹೆಚ್ಚಾದಂತೆ ಉತ್ತರವೂ ಬೆಳೆಯಿತು. ಆರನೆಯ ತಿಂಗಳ ಹೊತ್ತಿಗೆ, ಪೆಡಲನ್ನು ಪಾದದಿಂದಲ್ಲ, ಹಿಮ್ಮಡಿಯ ಒಂದು ವಿಶೇಷ ಚಲನೆಯಿಂದ ಒತ್ತಬೇಕೆಂಬ ಸಿದ್ಧಾಂತವೇ ಸಿದ್ಧವಾಗಿತ್ತು. ಸುಳ್ಳು ಹೇಳುವ ಮನುಷ್ಯನಲ್ಲ. ಅವನು ಅದನ್ನು ನಂಬಿಬಿಟ್ಟಿದ್ದ.

ಧ್ವನಿಮುದ್ರಣವಾದ ಆ ಹಾಡನ್ನು ಭಾವ ಮೊದಲು ಕೇಳಿದ್ದು ಒಬ್ಬ ಗಿರಾಕಿಯ ಫೋನಿನಲ್ಲಿ. ನಾನು ಅಂದು ಅಲ್ಲಿಯೇ ಇದ್ದೆ. ಫೋನು ಒಮ್ಮೆ ಧುಪ್ ಎಂದಿತು. ಭಾವನ ಸೂಜಿ ನಿಂತಿತು.

“ನಾರು,” ಎಂದರು ಮೆಲ್ಲಗೆ. “ಸ್ಪಂಜು. ಅರ್ಧ ದಿಂಬು.”

ಅವರ ಮುಖ ಬಿಳಿಚಿತ್ತು. ಮೂವತ್ತೊಂದು ವರ್ಷ ಕಾಪಾಡಿಕೊಂಡು ಬಂದ ಬೋರ್ಡಿನ ಕೆಳಗೆ ಕುಳಿತು, ತಮ್ಮ ಅಂಗಡಿಯ ಕಸ ಊರಿನ ಪ್ರತಿಯೊಂದು ಜೇಬಿನಿಂದ ಸದ್ದು ಮಾಡುವುದನ್ನು ಅವರು ಕೇಳಬೇಕಾಗಿತ್ತು. ಹಾಡಿನ ಖ್ಯಾತಿ ಹೆಚ್ಚಿದಷ್ಟೂ ಅವರ ಊಟ ಕಡಿಮೆಯಾಯಿತು. “ನಿಮ್ಮದು ಅಂತ ಅದರ ಮೇಲೆ ಬರೆದಿದೆಯಾ?” ಎಂದು ಅಕ್ಕ ಗದರಿದಳು. “ತಟ್ಟಿ ನೋಡೋರಿಗೆ ಗೊತ್ತಾಗುತ್ತೆ,” ಎಂದರು.

ಹತ್ತನೆಯ ತಿಂಗಳಲ್ಲಿ ಒಂದು ಧ್ವನಿಮುದ್ರಣ ಕಂಪನಿಯವರು ತಂಡವನ್ನು ದೊಡ್ಡ ಸಭಾಂಗಣವೊಂದರಲ್ಲಿ ನುಡಿಸಲು ಕರೆದರು. ಒಪ್ಪಿಗೆಯಾದರೆ ಇಪ್ಪತ್ತು ಊರುಗಳ ಪ್ರವಾಸ. ಕಾರ್ಯಕ್ರಮ ಭಾನುವಾರ. ಹಿಂದಿನ ಭಾನುವಾರ ಗುದ್ದಪ್ಪ ಹಿಗ್ಗಿನಿಂದ ಕೆಳಗಿಳಿದು ಬಂದು, ಅಲ್ಲಿನ ತಂತ್ರಜ್ಞರು ಪ್ರತಿಯೊಂದು ವಾದ್ಯವನ್ನೂ ಬಿಚ್ಚಿ ಪರೀಕ್ಷಿಸುತ್ತಾರೆ ಎಂದು ವರದಿ ಮಾಡಿದ. ಬಿಚ್ಚಿ ಎಂಬ ಮಾತು ಭಾವನಿಗೆ ತಾಕಿತು.

ಸೋಮವಾರ ಮಧ್ಯಾಹ್ನ, ಮೇಲಿನವರೆಲ್ಲ ತಂತಮ್ಮ ಕೆಲಸಗಳಲ್ಲಿದ್ದಾಗ, ಅವರು ಡ್ರಮ್ಮಿನಿಂದ ಕಸವನ್ನೆಲ್ಲ ತೆಗೆದು ಎರಡು ಚೀಲಗಳಿಗೆ ತುಂಬಿದರು. ಅದರ ಜಾಗಕ್ಕೆ ಮೊದಲ ದರ್ಜೆಯ ಹತ್ತಿಯ ಒಂದು ದುಂಡನೆಯ ಹಾಸಿಗೆಯನ್ನು ಇಟ್ಟರು: ನೀಲಿ ಪಟ್ಟೆಯ ಬಟ್ಟೆ, ಅಂಚಿಗೆ ಮಡಿಕೆ, ಅಳೆದು ಹಾಕಿದ ಎಂಟು ಗುಂಡಿಗಳು. ಅದನ್ನು ನಾನು ಆಮೇಲೆ ಕಂಡೆ. ಅವರ ಕೈಯಿಂದ ಅಷ್ಟು ಸೊಗಸಾದ ಇನ್ನೊಂದು ಕೆಲಸ ಬಂದಿಲ್ಲ. ಯಾರಿಗೂ ಹೇಳಲಿಲ್ಲ. ಚೀಲಗಳನ್ನು ಮೆಟ್ಟಿಲ ಕೆಳಗೆ ಇಟ್ಟರು. ಕಸದ ಗಾಡಿ ಬರುವುದು ಶನಿವಾರ.

ಸಂಜೆ ಡ್ರಮ್ಮು ಬೆಕ್ಕೊಂದು ಸೋಫಾದಿಂದ ಇಳಿದಷ್ಟು ಸದ್ದು ಮಾಡಿತು. ಮಂಗಳವಾರವೂ ಅಷ್ಟೇ. ಗುದ್ದಪ್ಪ ಚರ್ಮವನ್ನು ಬೆರಳಿನಿಂದ ಒತ್ತಿ ನೋಡಿದ. ಒಳಗೆ ತುಂಬಿದ್ದು ತುಂಬಿದಂತೆಯೇ ಇತ್ತು. ಹಾಗಿದ್ದ ಮೇಲೆ ಉಳಿದದ್ದು ಒಂದೇ. ಸದ್ದೆಲ್ಲ ಹಿಮ್ಮಡಿಯದೆಂದು ಅವನೇ ಊರಿಗೆಲ್ಲ ಸಾರಿದ್ದರಿಂದ, ಸದ್ದು ಹೋದಾಗ ಅಪರಾಧವೂ ಹಿಮ್ಮಡಿಯದೇ ಆಯಿತು. ಬುಧವಾರ ಬೂಟು ಬದಲಾಯಿಸಿದ. ಗುರುವಾರ ವೈದ್ಯರಲ್ಲಿಗೆ ಹೋದ. ಅವರು ಎಕ್ಸ್-ರೇ ತೆಗೆಸಿ, ಏನೂ ಕಾಣದೆ, ಬಂದವನನ್ನು ಬರಿಗಾಲಲ್ಲಿ ಕಳಿಸಬಾರದೆಂದೋ ಏನೋ, ಒಂದು ಪಟ್ಟಿ ಸುತ್ತಿದರು. ಪಟ್ಟಿ ಸುತ್ತಿದ ಮೇಲೆ ನಿಜವಾಗಿಯೂ ಕುಂಟತೊಡಗಿದ.

ಶುಕ್ರವಾರ ಹಾಡುಗಾರ ಮೆಟ್ಟಿಲಿನಲ್ಲಿ ನಿಂತು ಅವನಿಗೆ ಹೇಳಿದ್ದು ಅಂಗಡಿಗೆ ಸ್ಪಷ್ಟವಾಗಿ ಕೇಳಿಸಿತು. “ಬೇಜಾರು ಮಾಡ್ಕೋಬೇಡ. ಕಂಪನಿಯವರ ಹತ್ತಿರ ಬೇರೆಯವನು ಇದ್ದಾನೆ. ನಾಳೆ ಆರು ಗಂಟೆ ಒಳಗೆ ನಿನ್ನ ಕಾಲು ಸರಿಯಾದ್ರೆ ಆಯ್ತು. ಇಲ್ಲ ಅಂದ್ರೆ ಅವನಿಗೆ ಫೋನ್ ಮಾಡ್ಬೇಕಾಗುತ್ತೆ.”

ಹದಿನಾರನೆಯ ವಯಸ್ಸಿನಿಂದ ಗುದ್ದಪ್ಪನಿಗಿದ್ದ ಆಸೆ ಇದೊಂದೇ. ಮೆಟ್ಟಿಲ ಮೇಲೆ ಕುಳಿತು ಪಟ್ಟಿ ಬಿಚ್ಚಿ, ಪಾದವನ್ನು ಮೀಟರು ಓದುವಂತೆ ಬಾಗಿ ನೋಡುತ್ತಿದ್ದ.

“ಹೇಳಿಬಿಡೀಂದ್ರೆ,” ಎಂದಳು ಅಕ್ಕ, ಒಳಗೆ. ಮೆಟ್ಟಿಲ ಕೆಳಗಿನ ಚೀಲಗಳನ್ನು ಅವಳು ಮಂಗಳವಾರವೇ ಕಂಡಿದ್ದಳು.

“ಏನಂತ ಹೇಳ್ಲಿ? ನಾನು ಕಸ ತುಂಬೋನು ಅಂತನಾ?”

“ಒಬ್ಬನ ಕಾಲು ಮುರಿದೋನು ಅನ್ನಿಸಿಕೊಳ್ಳೋದಕ್ಕಿಂತ ವಾಸಿ.”

ಶನಿವಾರ ಬೆಳಗ್ಗೆ ಏಳೂವರೆಗೆ ಕಸದ ಗಾಡಿ ಬಂತು. ಭಾವ ಎರಡು ಚೀಲಗಳನ್ನೂ ಹಿಡಿದು ಬೀದಿಗಿಳಿದರು. ಗಾಡಿಯವನು ಕೈ ಚಾಚಿದ. ಭಾವ ಚೀಲ ಬಿಡಲಿಲ್ಲ.

“ಇವತ್ತು ಏನೂ ಇಲ್ಲ.”

“ಕೈಯಲ್ಲೇ ಇದೆಯಲ್ಲ ಯಜಮಾನ್ರೇ!”

“ಇದು ಕಸ ಅಲ್ಲ,” ಎಂದು ಭಾವ ಒಳಗೆ ಬಂದರು.

ಸಂಜೆ ಐದಕ್ಕೆ ಚೀಲಗಳೊಂದಿಗೆ ಮೇಲೆ ಹೋದರು. ಹಿಂದೆ ಅಕ್ಕ, ಅವಳ ಹಿಂದೆ ನಾನು. ಯಾವ ಪೀಠಿಕೆಯೂ ಇಲ್ಲದೆ ಡ್ರಮ್ಮು ಬಿಚ್ಚಿ, ಆ ನೀಲಿ ಪಟ್ಟೆಯ ಹಾಸಿಗೆಯನ್ನು ಹೊರಗೆಳೆದು, ನಾಲ್ವರ ಮುಂದೆ ನಡೆದದ್ದನ್ನು ನಡೆದಂತೆ ಹೇಳಿದರು. ಹೇಳುತ್ತಲೇ ಚೀಲಗಳನ್ನು ಖಾಲಿ ಮಾಡಿ ತುರುಕಿದರು. ಅರ್ಧ ದಿಂಬು ಕೊನೆಗೆ.

“ಕಾಲು ಸರಿಯಿದೆ. ಬೇಕಾದ್ರೆ ನೋಡಿ,” ಎಂದು ಅಕ್ಕನ ಕಡೆ ತಿರುಗಿದರು. “ನೀನು ಒತ್ತು.”

ಅಕ್ಕ ಸೆರಗು ಸರಿಪಡಿಸಿಕೊಂಡು, ತಕ್ಕಡಿ ಹತ್ತುವವಳಂತೆ ಅನುಮಾನದಿಂದ ಪೆಡಲಿನ ಮೇಲೆ ಕಾಲಿಟ್ಟಳು. ಧುಪ್. ರೇಡಿಯೋದಲ್ಲಿ ಬರುವ ಅದೇ ಧುಪ್, ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲದೆ.

ಗುದ್ದಪ್ಪನ ಮುಖದಲ್ಲಿ ಬಿಡುಗಡೆ ಕಂಡಿತು. ಕ್ಷಣದ ಮೇಲೆ ಅದು ಇಳಿಯಿತು. “ಹಾಗಾದ್ರೆ ಇಷ್ಟು ದಿನ ನಾನು ಬಾರಿಸ್ತಿದ್ದದ್ದು ನಿಮ್ಮ ಅಂಗಡಿ ಕಸಾನಾ ಸಾರ್?”

ಹಾಡುಗಾರ ಬೇರೆಯದೇ ಲೆಕ್ಕ ಹಾಕುತ್ತಿದ್ದ. “ಅಂದ್ರೆ ಇದು ಯಾರ ಕಾಲಿಗಾದ್ರೂ ಬರುತ್ತೆ. ಆ ಇನ್ನೊಬ್ಬನಿಗೂ ಬರುತ್ತೆ. ಅವನು ಕಂಪನಿಗೆ ಪರಿಚಯದವನು ಬೇರೆ,” ಎಂದು ಫೋನು ತೆಗೆದ. ಸತ್ಯ ಹೇಳಿ ಭಾವ ಮಾಡಿದ ಉಪಕಾರ ಇಷ್ಟು.

“ಇನ್ನೊಂದು ಸಲ ಒತ್ತು,” ಎಂದರು ಭಾವ ಅಕ್ಕನಿಗೆ. ಒತ್ತಿದಳು. “ಇನ್ನೊಂದು.” ಮೂರನೆಯದು ತಡವಾಯಿತು. ನಾಲ್ಕನೆಯದು ಅವಸರವಾಯಿತು. “ಹೀಗೇ ಇನ್ನು ನಾನೂರು.”

“ಮನೇಲಿ ನನಗೆ ಕೆಲಸ ಇಲ್ವಾ?”

ಭಾವ ಹಾಡುಗಾರನ ಎದುರು ನಿಂತರು. ಅವರು ಇಷ್ಟು ಉದ್ದ ಮಾತಾಡಿದ್ದನ್ನು ನಾನು ಮೊದಲೂ ಕೇಳಿಲ್ಲ, ಆಮೇಲೂ ಇಲ್ಲ. “ಮೊದಲನೇ ಏಟು ನನ್ನ ಚೀಲದ್ದು. ಒಪ್ಕೋತೀನಿ. ಎರಡನೇದು ಯಾವಾಗ ಬೀಳ್ಬೇಕು ಅನ್ನೋದು ಚೀಲಕ್ಕೆ ಗೊತ್ತಿಲ್ಲ. ಹತ್ತು ತಿಂಗಳು ಕೆಳಗೆ ಕೂತಿದ್ದೀನಿ, ಬೇಡ ಅಂದ್ರೂ ಕಿವಿಗೆ ಬಿದ್ದಿದೆ. ಇವನ ಏಟಿಗೆ ಸರಿಯಾಗಿ ನಾನು ಸೂಜಿ ಹಾಕೋಕೆ ಶುರು ಮಾಡಿ ಐದು ತಿಂಗಳಾಯ್ತು. ಒಂದು ಹೊಲಿಗೆ ಸೊಟ್ಟ ಹೋಗಿಲ್ಲ. ಆ ಇನ್ನೊಬ್ಬ ಬಂದ್ರೆ ಈ ಡ್ರಮ್ಮಲ್ಲಿರೋ ನನ್ನ ಸಾಮಾನು ನಾನು ವಾಪಸ್ ತಗೊಳ್ತೀನಿ.”

“ಐದು ತಿಂಗಳಿಂದ ತಾಳ ಹಾಕ್ಕೊಂಡು ಹೊಲೀತಿದ್ರಾ? ನನಗೆ ಮಾತ್ರ ಗುನುಗಬೇಡ ಅಂತಿದ್ರಿ!” ಎಂದಳು ಅಕ್ಕ.

ಗುದ್ದಪ್ಪ ಪಟ್ಟಿ ಸುತ್ತಿದ ಕಾಲಿನಲ್ಲೇ ಹೋಗಿ ಡ್ರಮ್ಮಿನ ಹಿಂದೆ ಕುಳಿತ. ಹದಿನೈದು ನಿಮಿಷ, ಹಾಡಿಲ್ಲದೆ, ಗಿಟಾರಿಲ್ಲದೆ, ಅದೊಂದನ್ನೇ ಬಾರಿಸಿದ. ಅವನು ನಿಲ್ಲಿಸಿದಾಗ ನನ್ನ ಗಡಿಯಾರದಲ್ಲಿ ಆರು ಗಂಟೆ ನಾಲ್ಕು ನಿಮಿಷ. ಹಾಡುಗಾರ ಫೋನನ್ನು ಜೇಬಿಗೆ ಹಾಕಿಕೊಂಡಿದ್ದ.

ಭಾನುವಾರ ಭಾವ, ಕರೆಯದಿದ್ದರೂ, ಡ್ರಮ್ಮಿನೊಂದಿಗೆ ಸಭಾಂಗಣಕ್ಕೆ ಹೋದರು. ತಂತ್ರಜ್ಞ ಮುಂದಿನ ಚರ್ಮ ಬಿಚ್ಚಿ, ಒಳಗೆ ದೀಪ ಹಿಡಿದು, ಬಹಳ ಹೊತ್ತು ನೋಡಿದ.

“ಯಾರು ತುಂಬಿದ್ದು ಇದನ್ನ?”

“ನಾನು,” ಎಂದರು ಭಾವ. “ಹಾಸಿಗೆ ಕೆಲಸದವನು.”

ಆತ ಏನನ್ನೂ ಮುಟ್ಟದೆ ಚರ್ಮವನ್ನು ಮತ್ತೆ ಬಿಗಿದು, ಮುಂದಿನ ವಾದ್ಯಕ್ಕೆ ಹೋದ.

ಮೂರನೆಯ ಹಾಡಿಗೆ ಭಾವ ಕಿವಿ ಮುಚ್ಚಿಕೊಂಡು ಹೊರಗೆ ಬಂದರು. ಅಷ್ಟು ಗದ್ದಲವನ್ನು ಸಹಿಸುವುದು ಅವರಿಂದ ಸಾಧ್ಯವಿರಲಿಲ್ಲ. ಕಾರ್ಯಕ್ರಮ ಮುಗಿಯುವವರೆಗೂ ವಾಹನ ನಿಲ್ಲಿಸುವ ಅಂಗಳದಲ್ಲಿ, ಹಿಂದಿನ ಗೋಡೆಗೆ ಅಂಗೈ ಊರಿ ನಿಂತಿದ್ದರು. ನಾಲ್ವರನ್ನೂ ಪ್ರವಾಸಕ್ಕೆ ಒಪ್ಪಿದ್ದಾರೆಂಬ ಸುದ್ದಿ ಹೊತ್ತು ಗುದ್ದಪ್ಪ ಓಡಿಬಂದ. ಕುಂಟುವುದನ್ನು ಮರೆತಿದ್ದ.

“ನಾಲ್ಕನೇ ಹಾಡಲ್ಲಿ ಅವಸರ ಮಾಡಿದೆ,” ಎಂದರು ಭಾವ.

“ಒಳಗೆ ಯಾರಿಗೂ ಗೊತ್ತಾಗ್ಲಿಲ್ಲ ಸಾರ್!”

“ಒಳಗೆ ನಾಲ್ಕು ಜನ ಇದ್ರಿ. ಗೋಡೆ ದಾಟಿ ಬಂದದ್ದು ನೀನೊಬ್ಬನೇ.”