ತ್ರಿಕೋನಕ್ಕೂ ಮಾರ್ಜಿನ್ ಬಿಟ್ಟ ದರ್ಜಿ

ನನ್ನ ಗಂಡ ತೀರಿಕೊಂಡಾಗ ಮನೆಗೆ ಬಂದವರೆಲ್ಲ ಅವರನ್ನು ದೇವರಂಥ ಮನುಷ್ಯ ಅಂದರು. ನಾನು ಸುಮ್ಮನೆ ತಲೆಯಾಡಿಸಿದೆ. ದೇವರಂಥ ಮನುಷ್ಯನನ್ನು ಊಟಕ್ಕೆ ಕರೆದರೆ ಎರಡನೇ ಸಲಕ್ಕಾದರೂ ಬರುತ್ತಾನೆ. ಇವರು ಬರುತ್ತಿರಲಿಲ್ಲ. ಬಂದರೂ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬರುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲಿ. ಗೊರಕೆ ಮೂರನೇ ಮನೆಯವರೆಗೆ. ಅವರು ದರ್ಜಿ. ಒಳ್ಳೆಯ ದರ್ಜಿ. ನಲವತ್ತೈದು ದಾಟಿದ ಮೇಲೆ ಹತ್ತನೇ ತರಗತಿಗೆ ಓದಲು ಕೂತರು. ಅದನ್ನು ಮಾತ್ರ ಬಂದವರು ಯಾರೂ ಹೇಳಲಿಲ್ಲ. ನಾನೇ ಹೇಳುತ್ತೇನೆ.

ನಮ್ಮ ಅಂಗಡಿ ಅಂದರೆ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಒಂದು ಹೊಲಿಗೆ ಮಷೀನು, ಬಟ್ಟೆ ಕತ್ತರಿಸುವ ಹಲಗೆ, ಒಂದು ನಿಲುವುಗನ್ನಡಿ. ಆ ಕನ್ನಡಿಯಲ್ಲಿ ಎಂಥವರೂ ಸ್ವಲ್ಪ ತೆಳ್ಳಗೆ ಕಾಣುತ್ತಿದ್ದರು. ಹಾಗಾಗಿ ಅದನ್ನು ಬದಲಾಯಿಸುವ ಮಾತೇ ಇರಲಿಲ್ಲ. ಇವರು ಕತ್ತರಿಸಿ ಹೊಲಿಯುವರು. ಕಾಜಾ, ಗುಂಡಿ, ಹೆಮ್ಮಿಂಗ್ ನನ್ನದು. ಆಮೇಲೆ ಎದುರು ಸಾಲಿನಲ್ಲಿ ಸಿದ್ಧ ಉಡುಪಿನ ದೊಡ್ಡ ಅಂಗಡಿ ಬಂತು. ಜನ ಅಲ್ಲಿ ಪ್ಯಾಂಟು ಕೊಂಡು ಉದ್ದ ಕಡಿಮೆ ಮಾಡಿಸಲು ನಮ್ಮಲ್ಲಿಗೆ ಬರತೊಡಗಿದರು. ಇವರು ಆ ಪ್ಯಾಂಟನ್ನು ಒಳಗುಹೊರಗು ಮಾಡಿ, ಸತ್ತ ಇಲಿಯನ್ನು ಹಿಡಿದ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದಕ್ಕೆ ದುಡ್ಡು ಕೊಟ್ರಾ?" ಅನ್ನುತ್ತಿದ್ದರು. ಹಾಗೆ ಅನ್ನಿಸಿಕೊಂಡವರು ಇನ್ನೊಂದು ಸಲ ಬರುತ್ತಾರೆಯೇ? ಬಾಡಿಗೆ ಬಾಕಿ ಬಿತ್ತು. ಅಂಗಡಿಯ ಮಾಲೀಕ ದೂರದಲ್ಲಿ ಕಂಡರೆ ಸಾಕು, ಇವರು ಹಲಗೆಯ ಕೆಳಗೆ ಬಗ್ಗಿ ಏನೋ ಹುಡುಕುತ್ತಿದ್ದರು. ಅವನು ಹೋಗುವವರೆಗೂ ಅದು ಸಿಗುತ್ತಿರಲಿಲ್ಲ.

ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಸರ್ಕಾರದ ಕೇಂದ್ರವೊಂದು ಹತ್ತಿರದಲ್ಲೇ ಇತ್ತು. ಅಲ್ಲಿನ ಮುಖ್ಯಸ್ಥೆ ಮೇಡಂ ನಮ್ಮ ಹಳೆಯ ಗಿರಾಕಿ. ಒಂದು ದಿನ ಬಟ್ಟೆ ತೆಗೆದುಕೊಂಡು ಹೋಗಲು ಬಂದವರು ಹೇಳಿದರು.

"ಮಾಸ್ಟರ್, ನಮ್ಮಲ್ಲಿ ಕಲಿಸೋರ ಜಾಗ ಖಾಲಿ ಆಗ್ತಿದೆ. ಸಂಬಳದ ಕೆಲಸ. ನೀವು ಬಂದ್ಬಿಡಿ."

ಇವರು ಗಂಭೀರವಾಗಿ ಟೇಪನ್ನು ಕೊರಳಿನಿಂದ ತೆಗೆದು ಮತ್ತೆ ಕೊರಳಿಗೇ ಹಾಕಿಕೊಂಡರು. "ಯೋಚನೆ ಮಾಡಿ ಹೇಳ್ತೀನಿ ಮೇಡಂ."

"ಯೋಚನೆ ಎಂಥದ್ರೀ! ಬರ್ತಾರೆ ಮೇಡಂ," ಅಂದೆ ನಾನು.

"ಹತ್ತನೇ ಕ್ಲಾಸು ಪಾಸಾಗಿದೆ ತಾನೆ?"

ನಾನು ಇವರ ಮುಖ ನೋಡಿದೆ, ಇವರು ಟೇಪು ನೋಡಿಕೊಂಡರು. ಇವರು ಓದಿದ್ದು ಏಳನೆಯವರೆಗೆ. ನಾನು ನಾಲ್ಕು. ಇಬ್ಬರದೂ ಕೂಡಿಸಿದರೆ ಹತ್ತು ದಾಟುತ್ತಿತ್ತು, ಆದರೆ ಸರ್ಕಾರ ಹಾಗೆ ಕೂಡಿಸುವುದಿಲ್ಲ.

"ಇನ್ನೂ ಒಂದು ವರ್ಷ ಇದೆ," ಅಂದರು ಮೇಡಂ. "ಮುಂದಿನ ಹೊಸ ಬ್ಯಾಚು ಶುರುವಾಗೋದರೊಳಗೆ ಪಾಸಾಗಿ ಬನ್ನಿ. ಆಮೇಲೆ ಆ ಜಾಗ ಬೇರೆಯವರಿಗೆ ಹೋಗುತ್ತೆ. ನನ್ನ ಕೈಯಲ್ಲಿ ಇರಲ್ಲ."

ಹೀಗೆ ನನ್ನ ಗಂಡ ಸಂಜೆ ಶಾಲೆಗೆ ಸೇರಿದರು. ಅಂಗಡಿಯ ಬಾಗಿಲು ಎಳೆದು, ತಲೆ ಬಾಚಿ, ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಹೊಸ ಪುಸ್ತಕಕ್ಕೆ ದುಡ್ಡಿರಲಿಲ್ಲ. ಮಗಳು ಹಿಂದಿನ ವರ್ಷ ಹತ್ತನೆಯದು ಮುಗಿಸಿದ್ದಳು, ಅವಳ ಪುಸ್ತಕಗಳನ್ನೇ ಇವರಿಗೆ ಕೊಟ್ಟೆವು. ಅವಳು ಪಾಠ ಕೇಳುತ್ತ ಚಿತ್ರಗಳಿಗೆಲ್ಲ ಮೀಸೆ ಬರೆದಿದ್ದಳು. ವಿಜ್ಞಾನಿಗೆ ಮೀಸೆ, ರಾಣಿಗೆ ಮೀಸೆ, ಜೀರ್ಣಾಂಗದ ಚಿತ್ರದಲ್ಲಿ ಹೊಟ್ಟೆಗೂ ಮೀಸೆ.

"ಓದೋಕೆ ಕಳಿಸಿದ್ರೆ ಇದಾ ನೀನು ಮಾಡಿದ್ದು?" ಅಂತ ಇವರು ರೇಗಿದರು.

"ನಾನು ಪಾಸಾಗಿದೀನಿ ಅಪ್ಪಾ. ನೀನು ಮೊದಲು ಪಾಸಾಗು, ಆಮೇಲೆ ಬೈ."

ಇವರು ರಬ್ಬರು ಹುಡುಕಿ ರಾಣಿಯ ಮೀಸೆ ಅಳಿಸಲು ಕೂತರು.

ಲೆಕ್ಕ ಬಿಟ್ಟರೆ ಉಳಿದದ್ದೆಲ್ಲ ಹೇಗೋ ತಲೆಗೆ ಹೋಗುತ್ತಿತ್ತು. ಲೆಕ್ಕದ ಮೇಷ್ಟ್ರು ಇವರಿಗಿಂತ ಚಿಕ್ಕವರು. ಮದುವೆಯ ಕೋಟು ನಮ್ಮಲ್ಲೇ ಹೊಲಿಸಿದ್ದರು. ಹಾಗಾಗಿ ಕ್ಲಾಸಿನಲ್ಲೂ ಅವರು ಇವರನ್ನು ಮಾಸ್ಟರ್ ಅನ್ನುವರು, ಇವರು ಅವರನ್ನು ಸಾರ್ ಅನ್ನುವರು. ಭಾನುವಾರ ಬೆಳಿಗ್ಗೆ ಬೇರೆಯಾಗಿ ಪಾಠ ಹೇಳಿಕೊಡುತ್ತೇನೆ ಅಂತ ಮೇಷ್ಟ್ರೇ ಒಪ್ಪಿಕೊಂಡರು. ಫೀಸು ಕೊಡಲು ನಮ್ಮಲ್ಲಿ ಇಲ್ಲ. ಬದಲಿಗೆ ಇವರು ಪ್ಯಾಂಟು ಹೊಲಿದು ಕೊಟ್ಟರು. ಬೀಜಗಣಿತಕ್ಕೆ ಮೂರು, ಅಂಕಿಅಂಶಕ್ಕೆ ಎರಡು. ರೇಖಾಗಣಿತ ಬರುವಷ್ಟರಲ್ಲಿ ಮೇಷ್ಟ್ರು ಕೈಮುಗಿದರು.

"ಮಾಸ್ಟರ್, ಸಾಕು. ಬೀರು ಬಾಗಿಲು ಮುಚ್ತಾ ಇಲ್ಲ."

"ಹಾಗಾದ್ರೆ ಅಂಗಿ?"

"ಅಂಗೀನೂ ಬೇಡ. ನೀವು ಪಾಸಾಗಿ, ಅದೇ ಸಾಕು. ನನ್ನ ಹೆಂಡತಿ ಅನುಮಾನ ಪಡ್ತಿದಾಳೆ, ಇಷ್ಟು ಬಟ್ಟೆ ಯಾರಿಗೆ ತೋರಿಸೋಕೆ ಅಂತ."

ಪರೀಕ್ಷೆಯ ಫೀಸು ಕಟ್ಟುವ ಹೊತ್ತಿಗೆ ಮಷೀನಿಗೆ ಹಾಕಿಸಿದ್ದ ಕರೆಂಟಿನ ಮೋಟಾರು ಮಾರಿದೆವು. ಮತ್ತೆ ಕಾಲಲ್ಲಿ ತುಳಿಯುವ ಕೆಲಸ. ಇವರು ತುಳಿಯುತ್ತ ಸೂತ್ರ ಬಾಯಿಪಾಠ ಮಾಡುವರು. ಪಕ್ಕದಲ್ಲಿ ಕೂತು ಗುಂಡಿ ಹಚ್ಚುತ್ತ ನಾನು ಪುಸ್ತಕವನ್ನು ತೊಡೆಯ ಮೇಲೆ ತೆರೆದಿಟ್ಟು ಒಪ್ಪಿಸಿಕೊಳ್ಳುವೆ. ನನಗೆ ಅದರಲ್ಲಿ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಆದರೆ ಪುಸ್ತಕದಲ್ಲಿ ಇದ್ದಂತೆ ಬಾಯಲ್ಲಿ ಬರದಿದ್ದರೆ ಬಿಡುತ್ತಿರಲಿಲ್ಲ.

"ತಪ್ಪು. ಇನ್ನೊಂದ್ಸಲ ಹೇಳಿ."

"ಏನು ತಪ್ಪು ಅಂತ ಹೇಳೇ."

"ಅದು ನಂಗೇನು ಗೊತ್ತು? ಇಲ್ಲಿ ಕೊಕ್ಕೆ ಥರ ಒಂದಿದೆ, ನೀವು ಕೊಕ್ಕೆ ಹೇಳಲಿಲ್ಲ."

ಗಿರಾಕಿ ಬಂದು ನಿಂತರೂ ಇವರಿಗೆ ಗೊತ್ತಾಗುತ್ತಿರಲಿಲ್ಲ. ಒಬ್ಬರ ಅಂಗಿಗೆ ಎರಡೂ ತೋಳು ಎಡಗೈಯವೇ ಹೊಲಿದರು. ಬಿಚ್ಚಿ ಹೊಲಿದದ್ದು ನಾನು.

ಲೆಕ್ಕದ ಪರೀಕ್ಷೆ ಮುಗಿಸಿ ಬಂದ ದಿನ ಇವರ ಮುಖ ನೋಡಬೇಕಿತ್ತು. ಹೊಸ ಮದುಮಗನ ಹಾಗೆ ಇದ್ದರು. ಒಂದನ್ನೂ ಬಿಟ್ಟಿಲ್ಲವಂತೆ. ಮಗಳು ಪ್ರಶ್ನೆಪತ್ರಿಕೆ ಹಿಡಿದು ಕೂತಳು.

"ಈ ತ್ರಿಕೋನ ಬರೆದ್ಯಾ ಅಪ್ಪಾ?"

"ಎಷ್ಟು ನೀಟಾಗಿ ಬರೆದಿದೀನಿ ಅಂದ್ರೆ, ಕತ್ತರಿಸಿ ಹೊಲೀಬಹುದು."

"ಬರೆದು ತೋರಿಸು."

ಬರೆದರು. ಮಗಳು ಅಳೆದಳು. ಮತ್ತೆ ಅಳೆದಳು. "ಆರು ಸೆಂಟಿಮೀಟರ್ ಕೇಳಿದ್ರೆ ಏಳೂ ಚಿಲ್ಲರೆ ಇದೆಯಲ್ಲಪ್ಪಾ."

"ಮಾರ್ಜಿನ್ ಬೇಡ್ವಾ?"

"ಏನು?"

"ಹೊಲಿಗೆಗೆ ಅರ್ಧ ಇಂಚು ಬಿಡ್ಬೇಕು ತಾನೆ? ಕೇಳಿದಷ್ಟೇ ಕತ್ತರಿಸಿದ್ರೆ ಹೊಲಿದ ಮೇಲೆ ಬಿಗಿ ಆಗುತ್ತೆ. ಒಗೆದ್ರೆ ಕುಗ್ಗುತ್ತೆ."

"ತ್ರಿಕೋನ ಕುಗ್ಗುತ್ತಾ ಅಪ್ಪಾ?"

"ಯಾವ ಬಟ್ಟೆ ಅಂತ ಅವರು ಹೇಳಿಲ್ವಲ್ಲ," ಅಂದರು ಇವರು. ಹೇಳಿದ ಮೇಲೆ ಹೊಳೆಯಿತು. ಬಾಯಿ ತೆರೆದದ್ದು ಹಾಗೇ ಉಳಿಯಿತು.

ತ್ರಿಕೋನ ಒಂದೇ ಅಲ್ಲ. ತಗಡಿನ ಡಬ್ಬಿ ಮಾಡಲು ಎಷ್ಟು ತಗಡು ಬೇಕು ಅಂತ ಇತ್ತು, ಇವರು ನಾಲ್ಕೂ ಕಡೆ ಮಡಿಚಲು ಬಿಟ್ಟಿದ್ದರು. ತೋಟಕ್ಕೆ ಬೇಲಿ ಕೇಳಿದ್ದರು, ಇವರು ಬೇಲಿಗೂ ಬಿಟ್ಟಿದ್ದರು. ಭಾನುವಾರ ಮೇಷ್ಟ್ರು ಎದುರಿಗೆ ಕೂತಿರುವಾಗ ಕೈ ಹತೋಟಿಯಲ್ಲಿರುತ್ತಿತ್ತು. ಪರೀಕ್ಷೆಯ ಗಾಬರಿಯಲ್ಲಿ ಅದು ತನ್ನ ಪಾಡಿಗೆ ಅಂಗಡಿಗೆ ಹೋಗಿಬಿಟ್ಟಿತ್ತು.

ಎಲ್ಲದರಲ್ಲೂ ಪಾಸಾದರು, ಲೆಕ್ಕದಲ್ಲಿ ಹೋಯಿತು. ಮಗಳು ಮೂರು ದಿನ ನಕ್ಕಳು. ನಾನೂ ನಕ್ಕೆ, ಸೆರಗು ಬಾಯಿಗಿಟ್ಟುಕೊಂಡು. ಇವರು ನಗಲಿಲ್ಲ. ಪುಸ್ತಕಗಳನ್ನು ಹಳೆಯ ಬಟ್ಟೆಯ ತುಂಡಿನಲ್ಲಿ ಕಟ್ಟಿ ಹಲಗೆಯ ಕೆಳಗೆ ತಳ್ಳಿದರು. ಹೊಸ ಬ್ಯಾಚು ಶುರುವಾಗುವ ಮೊದಲು ಇನ್ನೊಂದು ಪರೀಕ್ಷೆ ಇತ್ತು, ಫೇಲಾದವರಿಗೆ. ಅದಕ್ಕೆ ಕೂರುವುದಿಲ್ಲ ಅಂದರು.

"ಇಪ್ಪತ್ತೈದು ವರ್ಷದ ಕೈ ಇದು. ಬಿಡು ಅಂದ್ರೆ ಬಿಡಲ್ಲ. ಇನ್ನೊಂದ್ಸಲ ಫೀಸು ಕಟ್ಟಿ ಇನ್ನೊಂದ್ಸಲ ಮಾನ ಕಳ್ಕೊಳ್ಳೋದಾ?"

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಬಾಡಿಗೆಯ ಮಾತು ಎತ್ತಿದೆ. ಮಗಳ ಕಾಲೇಜಿನ ಮಾತು ಎತ್ತಿದೆ. ಕಲ್ಲಿನ ಮೇಲೆ ನೀರು ಹೊಯ್ದ ಹಾಗೆ. ಬೆನ್ನು ತಿರುಗಿಸಿ ಒಂದು ಅಂಗಿಯ ಕಾಲರ್ ಕೆಲಸಕ್ಕೆ ಕೂತರು. ಕಾಲರ್ ಗಟ್ಟಿಯಾಗಿ ನಿಲ್ಲಲಿ ಅಂತ ಒಳಗೆ ದಪ್ಪ ಕ್ಯಾನ್ವಾಸಿನ ತುಂಡು ಇಡುತ್ತಾರೆ. ಅದನ್ನು ಕತ್ತರಿಸುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಅವರ ಕೈ ನೋಡುತ್ತ ನಿಂತೆ.

"ಅದಕ್ಕೆ ಮಾರ್ಜಿನ್ ಬಿಡಲಿಲ್ಲ ನೀವು."

"ಹುಚ್ಚು ಹಿಡಿದಿದೆಯಾ ನಿಂಗೆ? ಕ್ಯಾನ್ವಾಸಿಗೆ ಯಾರಾದ್ರೂ ಬಿಡ್ತಾರಾ? ಅದು ಇದ್ದಷ್ಟೇ. ಕೂದಲೆಳೆ ಜಾಸ್ತಿ ಆದ್ರೂ ಹೊಲಿಗೆ ಗಂಟು ಕಟ್ಟುತ್ತೆ."

"ಕೈ ಬಿಡು ಅಂದ್ರೆ ಬಿಡಲ್ಲ ಅಂದ್ರಿ? ಈಗ ಹ್ಯಾಗೆ ಬಿಡ್ತು?"

ಕತ್ತರಿ ನಿಂತಿತು.

"ಪರೀಕ್ಷೆಯೋರು ಕೇಳೋದೆಲ್ಲ ಕ್ಯಾನ್ವಾಸೇ ಅಂದ್ಕೊಳ್ರೀ," ಅಂದೆ. "ತ್ರಿಕೋನ ಕ್ಯಾನ್ವಾಸು, ತಗಡು ಕ್ಯಾನ್ವಾಸು, ಬೇಲೀನೂ ಕ್ಯಾನ್ವಾಸು. ಬಟ್ಟೆ ತರೋದು ಅವರ ತಲೆನೋವು."

ಅವರು ಕತ್ತರಿ ಕೆಳಗಿಟ್ಟು ಹಲಗೆಯ ಕೆಳಗೆ ಬಗ್ಗಿದರು. ಮಾಲೀಕ ಬಂದನೇನೋ ಅಂತ ನಾನು ಬೀದಿಯ ಕಡೆ ನೋಡಿದೆ. ಅಲ್ಲ, ಪುಸ್ತಕದ ಗಂಟು ತೆಗೆದರು.

ಅಲ್ಲಿಂದ ಮುಂದೆ ರೇಖಾಗಣಿತ ಎಲ್ಲ ಕ್ಯಾನ್ವಾಸಿನ ಮೇಲೆ. ಉಳಿದ ತುಂಡುಗಳಲ್ಲಿ ತ್ರಿಕೋನ, ವೃತ್ತ, ಚೌಕ ಬರೆದು ಕತ್ತರಿಸುವರು, ಮಗಳು ಅಳೆದು ನೋಡುವಳು. ಮನೆಯಲ್ಲಿ ಎಲ್ಲಿ ಕೂತರೂ ಕೆಳಗೊಂದು ತ್ರಿಕೋನ ಚುಚ್ಚುತ್ತಿತ್ತು. ಎರಡನೇ ಫೀಸಿಗೆ ನಾನು ಪಕ್ಕದ ಬೀದಿಯ ದರ್ಜಿಯ ಹತ್ತಿರ ಕಾಜಾ ಕೆಲಸ ಹಿಡಿದೆ. ಅವನಿಗೂ ನಮಗೂ ಮಾತಿರಲಿಲ್ಲ. ಹೋಗಿ ಕೇಳಿದೆ. ಕೊಟ್ಟ.

ಫಲಿತಾಂಶ ಮಗಳ ಫೋನಿನಲ್ಲಿ ಬಂತು. ಇವರು ಕನ್ನಡಿಯ ಕಡೆ ಮುಖ ಮಾಡಿ ನಿಂತಿದ್ದರು, ತಿರುಗಲಿಲ್ಲ.

"ಪಾಸು ಅಪ್ಪಾ."

"ನಂಬರು ಸರಿಯಾಗಿ ನೋಡು."

"ನಿನ್ನದೇ ಅಪ್ಪಾ."

"ಬೇರೆ ಯಾರದೋ ಇರ್ಬೇಕು. ಹೆಸರು ಓದು."

ಓದಿದಳು. ಇವರ ಅಪ್ಪನ ಹೆಸರು ಸಹಿತ ಓದಿದಳು. ಇವರು ಆ ಫೋನು ತೆಗೆದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ನನ್ನ ಕೈಗೆ ಕೊಟ್ಟು, "ನೀನು ಓದೇ" ಅಂದರು. ನಾಲ್ಕನೇ ಕ್ಲಾಸಿನವಳು ಓದಿ ಹೇಳಿದ ಮೇಲೆ ನಂಬಿಕೆ ಬಂತು.

ಕೆಲಸ ಸಿಕ್ಕಿತು. ಬಾಕಿ ತೀರಿಸಿ ಅಂಗಡಿ ಬಿಟ್ಟುಕೊಟ್ಟೆವು. ಅವರು ಬಹಳ ವರ್ಷ ಆ ಕೆಲಸ ಮಾಡಲಿಲ್ಲ. ಮಾಡಿದಷ್ಟು ವರ್ಷದಲ್ಲಿ ಮಗಳ ಓದು ಮುಗಿಯಿತು. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತರು, ಮಧ್ಯಾಹ್ನಕ್ಕೆ ಇರಲಿಲ್ಲ. ಮಷೀನು ಮನೆಯಲ್ಲೇ ಇದೆ. ದಿನಾ ಎಣ್ಣೆ ಬಿಡುತ್ತೇನೆ. ಹೊಲಿಯುವವರು ಯಾರೂ ಇಲ್ಲ, ಆದರೂ ಬಿಡುತ್ತೇನೆ.

ಅವರು ಕೆಲಸಕ್ಕೆ ಹೋದ ಮೊದಲನೇ ದಿನ ನನಗೆ ಚೆನ್ನಾಗಿ ನೆನಪಿದೆ. ಸಂಜೆ ಬಂದವರು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕುರ್ಚಿ ಎಳೆದು ಕೂತರು. ನಾನು ಟೀ ತಂದು ಕೊಟ್ಟೆ.

"ಹ್ಯಾಗಿತ್ರೀ?"

"ನಾನು ಒಳಗೆ ಕಾಲಿಟ್ಟೆ ಕಣೆ. ಎಲ್ಲರೂ ಒಟ್ಟಿಗೆ ಎದ್ದು ನಿಂತ್ಬಿಟ್ರು."

"ಆಮೇಲೆ?"

"ಮೇಡಂ ಬಂದ್ರೇನೋ ಅಂತ ನಾನು ಹಿಂದೆ ತಿರುಗಿ ನೋಡ್ದೆ."

"ಬಂದಿದ್ರಾ?"

"ಯಾರೂ ಇರ್ಲಿಲ್ಲ. ನಾನೂ ನಿಂತೆ, ಅವರೂ ನಿಂತ್ರು. ಕೂತ್ಕೊಳ್ಳಿ ಅಂತ ನಾನೇ ಹೇಳ್ಬೇಕು ಅನ್ನೋದು ಹೊಳೀಲೇ ಇಲ್ಲ. ಕೊನೆಗೆ ಹಿಂದಿನ ಸಾಲಿಂದ ಒಬ್ಳು ಕೇಳಿದ್ಲು, ಸಾರ್, ಕೂತ್ಕೊಳ್ಳೋಣ್ವಾ, ಅಂತ."

ನನಗೆ ನಗು ತಡೆಯಲಾಗಲಿಲ್ಲ. "ನೀವೇನಂದ್ರಿ?"

"ಕೂತ್ಕೊಳ್ಳಮ್ಮಾ ಅಂದೆ."

ಆಮೇಲೆ ಅವರು ಲೋಟ ಹಿಡಿದುಕೊಂಡು ಬೀದಿ ನೋಡುತ್ತ ಕೂತರು. ಟೀ ಆರಿಹೋಯಿತು. ಎರಡು ಸಲ ಬಿಸಿ ಮಾಡಿ ಕೊಟ್ಟೆ.