ಚೌಡಪ್ಪನವರ ಚೀನಾ ಜಾಡಿ

ಹಸಿರು ಬಣ್ಣದ ಯಾವ ಕಲ್ಲು ಕಂಡರೂ ಚೌಡಪ್ಪನವರು ಅದನ್ನು ಮೊದಲು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ಮಗುವಿನ ಜ್ವರ ನೋಡುವ ತಾಯಿಯ ಹಾಗೆ ಕಣ್ಣು ಮುಚ್ಚಿಕೊಂಡು, ಆಮೇಲೆ ತೀರ್ಪು ಕೊಡುತ್ತಿದ್ದರು: "ಇದು ಬರೀ ಗಾಜು ಮಾರಾಯ. ಜೇಡ್ ಕಲ್ಲಾಗಿದ್ರೆ ತಂಪು ಇಷ್ಟು ಬೇಗ ಬಿಡ್ತಿರ್ಲಿಲ್ಲ." ಒಮ್ಮೆ ತೀರ್ಥಹಳ್ಳಿಯ ಮದುವೆಮನೆಯಲ್ಲಿ ಬೀಗರ ಕಡೆಯ ಹೆಂಗಸೊಬ್ಬರ ಉಂಗುರವನ್ನೇ ಬಿಚ್ಚಿಸಿಕೊಂಡು ಕೆನ್ನೆಗೆ ಇಟ್ಟುಕೊಂಡಿದ್ದರು. ಪಕ್ಕದಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು.

ಸಾಗರದ ಪೇಟೆಯಲ್ಲಿ ಅವರದು ಪಂಪ್‌ಸೆಟ್ಟು, ಪೈಪುಗಳ ದೊಡ್ಡ ಅಂಗಡಿ. ಅದರ ಗೋಡೆಗೆ ಅಂಟಿಕೊಂಡು ನನ್ನ ಫೋಟೋ ಸ್ಟುಡಿಯೋ. ಚೌಡಪ್ಪನವರು ಗೇಣಿದಾರರ ಮನೆಯ ಹುಡುಗ, ಸೈಕಲ್ಲಿಗೆ ಸ್ಟೀಲ್ ಪಾತ್ರೆ ಕಟ್ಟಿಕೊಂಡು ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳನ್ನು ಸುತ್ತಿ ಮೇಲೆ ಬಂದವರು. ಆಗ ಸ್ಟೀಲ್ ಅಂದರೆ ಎಲ್ಲರಿಗೂ ಮೋಹ. ಯಾವ ಕಾಲದಲ್ಲೋ ಹಡಗಿನಲ್ಲಿ ಕರಾವಳಿಗೆ ಬಂದು, ಗಾಡಿಯಲ್ಲಿ ಘಾಟಿ ಹತ್ತಿದ್ದ ಚೀನಾ ಜಾಡಿಗಳನ್ನು ಒಂದು ಸ್ಟೀಲ್ ಡಬ್ಬಿಗೆ ಬದಲಾಗಿ ಜನ ಕೊಟ್ಟುಬಿಡುತ್ತಿದ್ದರು. ಅಂಥದ್ದೊಂದು ಜಾಡಿಯ ತಳದಲ್ಲಿ ಬಟ್ಟೆ ಸುತ್ತಿದ ಹಸಿರು ಕಲ್ಲಿನ ಮೀನು ಸಿಕ್ಕಿತು. ವಾಪಸ್ ಕೊಡಲು ಹೋದರೆ ಮನೆಯವರು, "ಮಕ್ಕಳು ಆಡ್ತಿದ್ದದ್ದು, ನೀನೇ ಇಟ್ಕ" ಅಂದರಂತೆ. ಹುಚ್ಚು ಹತ್ತಿದ್ದು ಅಲ್ಲಿಂದ. ಆ ಮೀನು ಕೊನೆಯವರೆಗೂ ಅವರ ಅಂಗಿಯ ಜೇಬಿನಲ್ಲೇ ಇತ್ತು.

ಮುಂದೆ ಪಂಪು ತರಿಸಲು ಚೀನಾಕ್ಕೆ ಹೋದಾಗಲೂ ಅವರ ಕಣ್ಣು ಪಂಪಿನ ಮೇಲಿರಲಿಲ್ಲ. ಅಲ್ಲಿ ಹಳೇ ಸಾಮಾನಿನ ಅಂಗಡಿಯ ಮುದುಕನೊಬ್ಬ ಇವರ ಮೀನನ್ನು ತೆಗೆದುಕೊಂಡು ಕೆನ್ನೆಗೆ ಒತ್ತಿಕೊಂಡನಂತೆ. ಇವರೂ ಅವನ ಅಂಗಡಿಯ ಬಟ್ಟಲೊಂದನ್ನು ಕೆನ್ನೆಗೆ ಒತ್ತಿಕೊಂಡರು. "ಅವಂಗೆ ಕನ್ನಡ ಬರಲ್ಲ, ನಂಗೆ ಚೀನೀ ಬರಲ್ಲ. ಆದ್ರೂ ಮಧ್ಯಾಹ್ನದ ತನಕ ಕೂತು ಮಾತಾಡಿದ್ವಿ ಕಣೋ" ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು. ಮನೆಯ ಮಹಡಿಯಲ್ಲಿ ಕಪಾಟು ಕಪಾಟು ತುಂಬಾ ಜೇಡಿನ ಕುದುರೆ, ಸಿಂಹ, ಬಟ್ಟಲು. ಫೋಟೋ ತೆಗೆಯಲು ನನ್ನನ್ನೇ ಕರೆಯುತ್ತಿದ್ದರು. ಫ್ಲ್ಯಾಶ್ ಮಾತ್ರ ಹಾಕುವಂತಿರಲಿಲ್ಲ. "ಅವು ಬೆಚ್ಚಿ ಬೀಳ್ತವೆ" ಅನ್ನುತ್ತಿದ್ದರು. ಇಂಥ ಮನುಷ್ಯನಿಗೆ ಏನು ಹೇಳುವುದು?

ಇಷ್ಟೆಲ್ಲ ಇದ್ದರೂ ಅವರ ಜೀವ ಇದ್ದದ್ದು ನೀಲಿ ಡ್ರ್ಯಾಗನ್ನಿನ ಒಂದು ಜಾಡಿಯಲ್ಲಿ. ಅದು ಹೊಸನಗರದ ಹತ್ತಿರದ ಒಡೆಯರ ಮನೆಯದು. ಚೌಡಪ್ಪನವರ ಅಪ್ಪ ಗೇಣಿ ಮಾಡುತ್ತಿದ್ದದ್ದು ಅದೇ ಮನೆಯ ಗದ್ದೆಯನ್ನು. ಹುಡುಗನಾಗಿದ್ದ ಇವರು ಹಿತ್ತಿಲಲ್ಲಿ ಊಟಕ್ಕೆ ಕೂತರೆ ಜಾಡಿಯಿಂದ ತೆಗೆದ ಮಾವಿನ ಮಿಡಿಯನ್ನು, ಮುಟ್ಟಿದರೆ ಮೈಲಿಗೆಯೆಂದು, ಬಗ್ಗದೆ ಮೇಲಿನಿಂದಲೇ ಎಲೆಗೆ ಹಾಕುತ್ತಿದ್ದರು. "ಒಳಗಿನ ಜಾಡಿ ಕಾಣ್ಬೇಕು ಅಂದ್ರೆ ಕುತ್ತಿಗೆ ಉದ್ದ ಮಾಡ್ಬೇಕಿತ್ತು. ಆಸೆ ಮಿಡಿದೋ ಜಾಡಿದೋ ಗೊತ್ತಿಲ್ಲ" ಅನ್ನುತ್ತಿದ್ದರು. ದೊಡ್ಡವರಾದ ಮೇಲೆ ವರ್ಷ ವರ್ಷ ಹೋಗಿ ಕೇಳಿದರು. ಕೊನೆಗೊಮ್ಮೆ ಆ ಮನೆಯ ಗೌರಮ್ಮ, "ತಗಂಡು ಹೋಗು ಚೌಡ. ಆದ್ರೆ ಖಾಲಿ ಇಡಡ, ಮಿಡಿ ಹಾಕಿಯೇ ಇಡವು" ಅಂದರು. ಇವರು ಖಾಲಿ ಇಡುವುದಿಲ್ಲವೆಂದು ಮಾತು ಕೊಟ್ಟು, "ಅಮ್ಮಾ, ಒಂದಿನ ನಮ್ಮನೆಗೆ ಬಂದು ಇದ್ರಾಗಿನ ಮಿಡಿ ತಿನ್ಬೇಕು" ಅಂದರು. ಗೌರಮ್ಮ ಬರಲು ಒಪ್ಪಿ "ಬತ್ತೆ" ಅಂದರು.

ಜೇಡಿನ ಕುದುರೆಗಳ ನಡುವೆ ಉಪ್ಪಿನಕಾಯಿ ವಾಸನೆ! ನೋಡಲು ಬಂದ ತಜ್ಞರೊಬ್ಬರು, ಉಪ್ಪು ಹಳೇ ಮೆರುಗನ್ನು ತಿಂದುಹಾಕುತ್ತದೆ ಎಂದು ಎಚ್ಚರಿಸಿದರು. ಅವರ ಮಾತು ಸರಿಯೇ ಇತ್ತು, ಡ್ರ್ಯಾಗನ್ನಿನ ಬಾಲ ಆಗಲೇ ಮಸುಕಾಗಿತ್ತು. ಚೌಡಪ್ಪನವರು, "ಗೊತ್ತು ಸಾರ್. ಮಾತು ಕೊಟ್ಟೀನಿ" ಎಂದು ಅವರನ್ನೂ ಊಟಕ್ಕೆ ಕೂರಿಸಿ, ಬಗ್ಗಿ, ತಮ್ಮ ಕೈಯಾರೆ ಎಲೆಗೆ ಮಿಡಿ ಬಡಿಸಿದರು. ಯಾರೇ ಬರಲಿ, ಬಗ್ಗಿಯೇ ಬಡಿಸುತ್ತಿದ್ದರು. ಪ್ರತಿ ಬೇಸಿಗೆ ಹೊಸ ಮಿಡಿ ಹಾಕಿದ ಮೇಲೆ ಗೌರಮ್ಮನನ್ನು ಕರೆಯಲು ಹೋಗುತ್ತಿದ್ದರು. ಪ್ರತಿ ಬೇಸಿಗೆಯೂ "ಬತ್ತೆ" ಎಂಬ ಉತ್ತರ, ಬಂದದ್ದು ಮಾತ್ರ ಇಲ್ಲ. ನನಗಂತೂ ಸಿಟ್ಟು ಬರುತ್ತಿತ್ತು. ಅವರಿಗೆ ಬರುತ್ತಿರಲಿಲ್ಲ.

ಕೊನೆಯ ಬಾರಿ ನೋಡಿದಾಗ ಡಾಕ್ಟರು ಅವರಿಗೆ ಉಪ್ಪನ್ನೇ ಬಿಡಿಸಿದ್ದರು. ಮಂಚದ ಮೇಲಿಂದಲೇ ನನ್ನ ಕೈಗೊಂದು ಮಿಡಿ ಕೊಡಿಸಿ, "ತಿಂದು ಹೇಳು. ಗೌರಮ್ಮ ಬಂದ್ರೆ ಮರ್ಯಾದೆ ಹೋಗ್ಬಾರ್ದು" ಅಂದರು. ಚೆನ್ನಾಗಿದೆ ಅಂದೆ. ಮೀನನ್ನು ಕೆನ್ನೆಗೆ ಒತ್ತಿಕೊಂಡು, ಎಂದಿನಂತೆ ಕಣ್ಣು ಮುಚ್ಚಿಕೊಂಡರು.

ಅವರು ಹೋಗಿ ಕೆಲವು ವಾರಗಳ ಮೇಲೆ, ಕಟ್ಟು ಹಾಕಿಸಿದ ಅವರ ಫೋಟೋ ಕೊಡಲು ಮನೆಗೆ ಹೋಗಿದ್ದೆ. ಅದನ್ನು ಗೋಡೆಗೆ ಹಾಕುತ್ತಿರುವಾಗ ಬಾಗಿಲಿಗೆ ಆಟೋ ಬಂತು. ಕೋಲೂರಿಕೊಂಡು ಇಳಿದವರು ಗೌರಮ್ಮ. ಚೌಡಪ್ಪನವರ ಹೆಂಡತಿ ಸರೋಜಕ್ಕ ಗಾಬರಿಯಾಗಿ, ನೀರು ಕೊಡಲೋ ಬೇಡವೋ ಎಂದು ನಿಂತುಬಿಟ್ಟರು. ಗೌರಮ್ಮನೇ, "ಎಲೆ ಹಾಕು ತಂಗಿ, ಊಟಕ್ಕೆ ಬಂದದ್ದು" ಅಂದರು.

ಅನ್ನ ಬಡಿಸಿ, ಜಾಡಿಯಿಂದ ಮಿಡಿ ತೆಗೆದು ಎಲೆಗಿಟ್ಟದ್ದಾಯಿತು. ಗೌರಮ್ಮ ಕಚ್ಚಿದರು, ನಿಧಾನವಾಗಿ ಅಗಿದರು. ಆಮೇಲೆ ಗೋಡೆಯ ಫೋಟೋದ ಕಡೆ ಮುಖ ಎತ್ತಿ ಹೇಳಿದರು: "ಉಪ್ಪು ಸಮ ಇದ್ದು ಚೌಡಪ್ಪ. ಎನಗೇ ತಡ ಆತು."

ಸರೋಜಕ್ಕ ಬಗ್ಗಿ ಇನ್ನೊಂದು ಮಿಡಿ ಬಡಿಸಿದರು.