ಕೇಳುವವನ ಮನೆ

ದೋಸೆಯಣ್ಣನ ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಒಂದು ಕೂದಲೂ ಇರಲಿಲ್ಲ. ಎಡಗೈಯಲ್ಲಿ ಕರಡಿಗಿರುವಷ್ಟು. ವರ್ಷಗಟ್ಟಲೆ ಕಾವಲಿಯ ಶಾಖ ಒಂದೇ ಕೈಯನ್ನು ಸುಟ್ಟು ಸುಟ್ಟು ಬೆಳಗಿದ ತಾಮ್ರದ ಚೊಂಬಿನಂತೆ ಮಾಡಿಟ್ಟಿತ್ತು. ತೋಳು ಮಡಚಿ ನಿಂತರೆ ಇಬ್ಬರು ಗಂಡಸರ ಕೈಗಳನ್ನು ಒಬ್ಬರಿಗೆ ಹೊಲಿದ ಹಾಗೆ ಕಾಣುತ್ತಿತ್ತು.

ಲಂಡನ್ನಿನ ವೆಂಬ್ಲಿಯ ಉಡುಪಿ ಹೋಟೆಲೊಂದರಲ್ಲಿ ಅವರು ದೋಸೆ ಹೊಯ್ಯುತ್ತಿದ್ದರು, ನಾನು ಮ್ಯಾನೇಜರ್. ಅವರು ಕುಂದಾಪುರದ ಕಡೆಯವರು, ನಾನು ಮೈಸೂರಿನವನು. ನನ್ನ ಕೆಲಸದ ಮುಖ್ಯ ಭಾಗ ಹೆದರುವುದು. ಗ್ಯಾಸ್ ಆರಿಸಿದೆಯೇ ಎಂದು ಮೂರು ಸಲ ನೋಡುವುದು, ಕೌನ್ಸಿಲ್‌ನವರು ತಪಾಸಣೆಗೆ ಬರುವ ದಿನ ಹೆದರುವುದು, ಬಾರದ ದಿನ ಯಾಕೆ ಬರಲಿಲ್ಲವೆಂದು ಹೆದರುವುದು.

ಅವರ ಹುಚ್ಚು ಅಮೆರಿಕದ ಫುಟ್‌ಬಾಲ್. ವರ್ಷಕ್ಕೊಂದೆರಡು ಸಲ ಆ ಆಟ ಲಂಡನ್ನಿಗೂ ಬರುತ್ತದೆ. ಹಾಗೆ ಬಂದಾಗ ಮಸಾಲೆ ದೋಸೆ ತಿಂದು ಹೋದ ಯಾರೋ ಬಿಟ್ಟುಹೋದ ಪತ್ರಿಕೆಯಿಂದ ಶುರುವಾಯಿತಂತೆ. ತಮಾಷೆಯೆಂದರೆ ಅವರು ಆಟ ನೋಡುತ್ತಲೇ ಇರಲಿಲ್ಲ. ಎಷ್ಟು ಗೆರೆ ದಾಟಿದರೆ ಎಷ್ಟು ಅಂಕ ಎನ್ನುವುದು ನನ್ನಷ್ಟೇ ಅವರಿಗೂ ಗೊತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ಡ್ರಾಫ್ಟ್ ಒಂದೇ. ಪ್ರತಿ ವಸಂತದಲ್ಲಿ ತಂಡಗಳು ಸರದಿಯ ಮೇಲೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಅದಕ್ಕೂ ಮೊದಲು ಒಬ್ಬೊಬ್ಬರನ್ನೇ ಕೋಣೆಗೆ ಕರೆದು ಕೂರಿಸಿ ಪ್ರಶ್ನೆ ಕೇಳುತ್ತವೆ. ಯಾವ ತಂಡ ಯಾವ ಹುಡುಗನನ್ನು ಕರೆಯಿತು ಎಂಬ ಸುದ್ದಿ ಫೋನಿನಲ್ಲಿ ಬರುತ್ತದೆ. ದೋಸೆಯಣ್ಣ ಅದನ್ನು ಆರ್ಡರ್ ಚೀಟಿಗಳ ಬೆನ್ನಿಗೆ ಬರೆದು ರುಬ್ಬುವ ಯಂತ್ರದ ಮೇಲಿನ ಗೋಡೆಗೆ ಅಂಟಿಸುತ್ತಿದ್ದರು. ಹಿಟ್ಟು ಸಿಡಿದು ಎಷ್ಟೋ ತಂಡಗಳು ಅಳಿಸಿಹೋಗುತ್ತಿದ್ದವು.

"ಇದರಲ್ಲಿ ಏನಿದೆ ಅಂತ ನೋಡ್ತೀರಿ ಅಣ್ಣ?" ಎಂದು ಒಮ್ಮೆ ಕೇಳಿದೆ.

"ಹೆಣ್ ಕಾಂಬುಕೆ ಬಂದವ್ರ್ ಹುಡ್ಗಿಗೆ ಅಡ್ಗಿ ಬತ್ತಾ ಅಂದೇಳಿ ಕೇಂಡ್ರೆ ಎಂತ ಅರ್ಥ ಮ್ಯಾನೇಜ್ರೆ?"

"ಅಡುಗೆ ಬರೋ ಸೊಸೆ ಬೇಕು ಅಂತ."

"ಅಲ್ಲ. ಅವ್ರ ಮನೆ ಅತ್ತೆಗೆ ಕೈಲಾಗುದಿಲ್ಲ ಅಂತ. ಪ್ರಶ್ನೆಯಿಂದ ಹುಡ್ಗಿ ಬಗ್ಗೆ ಎಂತದೂ ಗೊತ್ತಾಪುದಿಲ್ಲ. ಕೇಂಬವನ ಮನೆ ಗೊತ್ತಾತ್ತ್."

ಚೆಂಡು ಹಿಡಿಯುವ ಹುಡುಗರನ್ನು ಮೂವರನ್ನು ಕರೆದರೆ ಆ ತಂಡದಲ್ಲಿ ಚೆಂಡು ಹಿಡಿಯುವವನ ಕೈ ಸೋತಿದೆ. ಗೋಡೆಯ ಹಾಗೆ ನಿಲ್ಲುವ ದಪ್ಪ ಹುಡುಗರನ್ನು ಕರೆದರೆ ಅಲ್ಲಿ ಗೋಡೆ ಬಿದ್ದಿದೆ. ಹಾಗೆಂದು ಎಲ್ಲವನ್ನೂ ನಂಬಬಾರದು. ಬೇರೆಯವರನ್ನು ದಾರಿ ತಪ್ಪಿಸಲೆಂದೇ ಬೇಡದವನನ್ನು ಕರೆಯುವುದೂ ಉಂಟು. ಅದಕ್ಕೂ ಅವರಲ್ಲೊಂದು ಅಳತೆಯಿತ್ತು. ಕೈಕೆಳಗಿನವನು ಬಂದು ಕೇಳಿದರೆ ನಾಟಕ, ಕೋಚೇ ಎದುರು ಕೂತರೆ ನಿಜ.

ಒಂದು ವರ್ಷ ಯಾವುದೋ ತಂಡ ಚೆಂಡು ಎಸೆಯುವ ಇಬ್ಬರು ಹುಡುಗರನ್ನು ಕರೆಯಿತು, ಕೋಚೇ ಕೂತಿದ್ದ. ಹತ್ತು ವರ್ಷದಿಂದ ಅಲ್ಲಿ ಚೆಂಡು ಎಸೆಯುತ್ತಿದ್ದವನಿಗೆ ಇನ್ನು ಜಾಗವಿಲ್ಲ ಎಂದರು ದೋಸೆಯಣ್ಣ. ತಿಂಗಳೊಳಗೆ ತಂಡ ಅವನನ್ನು ಕೈಬಿಟ್ಟಿತು. ಫೋನಿನಲ್ಲಿ ಅವನ ಮುಖ ನೋಡಿ ನಾನು ಪಾಪ ಎಂದೆ.

"ಪಾಪ ಎಂತಕ್ಕೆ? ಹೆಡ್ಡ. ಯಾರನ್ನ ಕರ್ದ್ರ್ ಅಂದೇಳಿ ಅವ ಓದ್ಕಂಬುಕಿತ್ತ್," ಎಂದು ದೋಸೆ ಮಗುಚಿ ಹಾಕಿ ನಕ್ಕರು. ಆ ನಗುವಿನಲ್ಲಿ ಕರುಣೆಯ ಒಂದು ತೊಟ್ಟೂ ಇರಲಿಲ್ಲ. ಅದನ್ನು ಇಲ್ಲಿ ಬರೆಯಲೇಬೇಕು. ಇಲ್ಲದಿದ್ದರೆ ಸತ್ತವರನ್ನೆಲ್ಲ ದೇವರು ಮಾಡುವ ನಮ್ಮ ಚಾಳಿಗೆ ನಾನೂ ಬಿದ್ದಂತಾಗುತ್ತದೆ.

ಆಮೇಲಿನ ಚಳಿಗಾಲದಲ್ಲಿ ಅವರ ಬಲ ಭುಜ ಹಿಡಿದುಕೊಂಡಿತು. ಕೈ ಅರ್ಧಕ್ಕೆ ಏರಿ ನಿಲ್ಲುತ್ತಿತ್ತು. ಜಿಪಿ ಡಾಕ್ಟರು ಮಾತ್ರೆ ಕೊಟ್ಟರು. ಶನಿವಾರದ ಗಿರಾಕಿಗಳು ದೋಸೆಗೆ ಕಾಯತೊಡಗಿದರು. ನಮ್ಮ ಧಣಿಗಳು ನನ್ನನ್ನು ಕರೆದು, ಇಬ್ಬರು ಹೊಸ ದೋಸೆಯವರು ಬರುತ್ತಾರೆ, ಮಾತಾಡಿಸೋಣ, ದೋಸೆಯಣ್ಣನಿಗೆ ಮಾತ್ರ ಸೌತ್‌ಹಾಲಿನ ಹೊಸ ಶಾಖೆಗೆಂದು ಹೇಳಿ ಎಂದರು. ಸೌತ್‌ಹಾಲಿನಲ್ಲಿ ನಮಗೆ ಶಾಖೆ ಇರಲಿಲ್ಲ, ಬರುವುದೂ ಇರಲಿಲ್ಲ. ಬೇಡ ಎನ್ನಬಹುದಿತ್ತು. ಬೇಡವೆಂದರೆ ಮ್ಯಾನೇಜರ್ ಕುರ್ಚಿಗೂ ಇಬ್ಬರನ್ನು ಕರೆದಾರು ಎಂದು ಹೆದರಿ ಹಾಗೆಯೇ ಹೇಳಿದೆ. ಹೆದರಿದವನು ಕೈಕಟ್ಟಿ ಕೂರಲೂ ಇಲ್ಲ. ಚೆನ್ನಾಗಿ ಕೆಲಸ ಮಾಡಿದೆ ಎನಿಸಿಕೊಳ್ಳಲು ಹನ್ನೊಂದು ಪ್ರಶ್ನೆಗಳ ಪಟ್ಟಿಯನ್ನೇ ಬರೆದೆ.

ಮಧ್ಯಾಹ್ನ ಮೂರಕ್ಕೆ, ಅಡುಗೆಮನೆಗೆ ಬಿಡುವಿದ್ದಾಗ, ಮೇಲಿನ ಆಫೀಸಿನಲ್ಲಿ ಇಬ್ಬರನ್ನೂ ಮಾತಾಡಿಸಿದೆವು. ಪಟ್ಟಿ ಹಿಡಿದು ಕೆಳಗೆ ಬಂದಾಗ ದೋಸೆಯಣ್ಣ ಎಡಗೈಯಿಂದ ಕಾವಲಿ ಕೆರೆಯುತ್ತಿದ್ದರು.

"ಎಂತ ಕೇಂಡ್ರಿ?"

"ಚಳಿಗಾಲದಲ್ಲಿ ಹಿಟ್ಟು ಹುಳಿ ಬರೋಕೆ ಏನು ಮಾಡ್ತೀರಿ ಅಂತ."

"ಮತ್ತೆ?"

"ಒಂದೇ ಸಮ ಎಷ್ಟು ಹೊತ್ತು ನಿಲ್ತೀರಿ ಅಂತ." ಇಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಹೆದರುವವರ ಬಾಯಿಗೆ ಬಾಗಿಲಿರುವುದಿಲ್ಲ. "ಭುಜ, ಸೊಂಟ ಎಲ್ಲ ಗಟ್ಟಿ ಇದೆಯಾ ಅಂತ."

ಕೆರೆಯುವ ಸದ್ದು ನಿಂತಿತು.

"ಧಣಿಗಳೇ ಕೂತಿದ್ರಾ?"

"ಹೂಂ."

"ಹಂಗಾರೆ ಸೌತ್‌ಹಾಲಿಗಲ್ಲ." ಸಟ್ಟುಗ ಪಕ್ಕಕ್ಕಿಟ್ಟರು. "ಭುಜದ್ ಪ್ರಶ್ನೆ ಬರ್ದದ್ ಯಾರ್?"

ನಾನು ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಲು ಹೋದೆ. ಮುಚ್ಚಿತ್ತು.

ಧಣಿಗಳು ಇಬ್ಬರಲ್ಲಿ ಒಬ್ಬನನ್ನು ಆರಿಸಿಕೊಂಡರು. ದೋಸೆಯಣ್ಣ ಮೂರು ವಾರ ಹೊಸಬನಿಗೆ ಪಕ್ಕದಲ್ಲಿ ನಿಂತು ಕಲಿಸಿದರು. ಕಾವಲಿಯ ಯಾವ ಮೂಲೆ ಹೆಚ್ಚು ಕಾಯುತ್ತದೆ, ಯಾವಾಗ ನೀರು ಚಿಮುಕಿಸಬೇಕು, ಎಲ್ಲ. ಕೊನೆಯ ದಿನ ಧಣಿಗಳು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಶಾಲು ಸರಿಯಾಗಿ ಕೂರಲೆಂದು ಕೈ ಎತ್ತಲು ಹೇಳಿದ್ದು ನಾನೇ. ಕೈ ಅರ್ಧಕ್ಕೆ ನಿಂತಿತು. ಫೋಟೋದಲ್ಲಿ ಅವರು ಟ್ಯಾಕ್ಸಿ ನಿಲ್ಲಿಸುತ್ತಿರುವವರ ಹಾಗೆ ಬಂದಿದ್ದಾರೆ.

ಹೋಟೆಲಿನ ಮೇಲಿನ ಕೋಣೆಯಲ್ಲೇ ಅವರ ವಾಸ. ಕೆಲಸದ ಜೊತೆ ಅದೂ ಹೋಯಿತು. ಅವರಿಗೆ ಸಿಕ್ಕ ಬಾಡಿಗೆ ಕೋಣೆ ಸೌತ್‌ಹಾಲಿನಲ್ಲಿತ್ತು. ನಾನು ಹೇಳಿದ ಸುಳ್ಳಿನೊಳಗೆ ಅವರೇ ಹೋಗಿ ವಾಸ ಮಾಡಿದ ಹಾಗಾಯಿತು.

ನೋಡಲು ಹೋಗಬೇಕು ಎಂದುಕೊಳ್ಳುತ್ತಲೇ ಏಳು ತಿಂಗಳು ಕಳೆದವು. ಹೋದದ್ದು ಆಸ್ಪತ್ರೆಗೆ. ಹೊಟ್ಟೆಯೊಳಗಿನ ಗಡ್ಡೆ, ಕಂಡದ್ದೇ ತಡವಾಗಿ. ಊರಿನಲ್ಲಿ ತಂಗಿಯೊಬ್ಬರಿದ್ದರು, ಇಲ್ಲಿ ಯಾರೂ ಇಲ್ಲ. ನನ್ನನ್ನು ಕಂಡು ಅವರಿಗೆ ಆಶ್ಚರ್ಯವಾಗಲಿಲ್ಲ.

ನಾನು ಕೂತಿದ್ದಾಗಲೇ ನರ್ಸ್ ಬಂದು, ಮನೆಯಲ್ಲಿ ಮೆಟ್ಟಿಲು ಎಷ್ಟು, ಜೊತೆಗೆ ಯಾರಿದ್ದಾರೆ, ಟಾಯ್ಲೆಟ್ ಕೆಳಗಿದೆಯಾ ಮೇಲಿದೆಯಾ ಎಂದೆಲ್ಲ ಕೇಳಿ ಬರೆದುಕೊಂಡು ಹೋದಳು. ದೋಸೆಯಣ್ಣ ಅವಳ ಬೆನ್ನು ನೋಡುತ್ತ, "ಇವ್ರಿಗೆ ಹಾಸ್ಗಿ ಕಡ್ಮೆ ಇತ್ತ್," ಎಂದರು. ನನಗೆ ನಗು ಬಂತು. ಅವರೂ ನಕ್ಕರು. ಹಳೆಯದೆಲ್ಲ ಮುಗಿಯಿತು ಎಂದು ಮೂರ್ಖನ ಹಾಗೆ ಸಮಾಧಾನಪಟ್ಟೆ.

ಮುಂದಿನ ವಾರ ಹೋದಾಗ ಹಾಸಿಗೆಯ ಪಕ್ಕದಲ್ಲಿ ಬೇರೆ ಕುರ್ಚಿಯೊಂದಿತ್ತು.

"ದೊಡ್ಡ ಡಾಕ್ಟ್ರೇ ಬಂದಿದ್ರ್. ಕುರ್ಚಿ ಎಳ್ಕಂಡ್ ಕೂತ್ರ್. ನಿಮ್ಗೆ ಎಲ್ಲಿ ಇಪ್ಪುಕೆ ಇಷ್ಟ, ಯಾರನ್ನಾದ್ರೂ ಕರ್ಸುಕಿತ್ತಾ ಅಂದೇಳಿ ಕೇಂಡ್ರ್."

"ಏನಂದ್ರಿ?"

"ಎಂತ ಹೇಳುದ್? ಕೋಚೇ ಬಂದ್ ಕೂತ ಮೇಲೆ."

ಕಿಟಕಿಯಾಚೆ ಕಾರ್ ಪಾರ್ಕಿನಲ್ಲಿ ಯಾರೋ ಜಾಗಕ್ಕಾಗಿ ಸುತ್ತು ಹಾಕುತ್ತಿದ್ದರು. ನಾನು ತಂದಿದ್ದ ಮಜ್ಜಿಗೆಯ ಬಾಟಲಿ ತೆಗೆದು, ಬೇಕಾ ಎಂದೆ. ಬೇಡವೆಂದರು. ದಿಂಬು ಸರಿಮಾಡಿ, ಏನಾದರೂ ಬೇಕಾ ಅಣ್ಣ ಎಂದೆ. ಬೇಡ. ಆಗ ಅವರ ಬಲಗೈ ಕಣ್ಣಿಗೆ ಬಿತ್ತು. ಮೊಣಕೈಯಿಂದ ಕೆಳಗೆ ಕೂದಲು ಬಂದಿತ್ತು. ಮೆತ್ತಗಿನ ಬಿಳಿ ಕೂದಲು. ಕಾವಲಿ ಬಿಟ್ಟು ಅಷ್ಟು ದಿನವಾಗಿತ್ತು. ನೋಡಲಾಗದೆ ಮತ್ತೆ ಕೇಳಿದೆ, "ನಿಜವಾಗಲೂ ಏನೂ ಬೇಡವಾ?"

ದೋಸೆಯಣ್ಣ ತಲೆ ನನ್ನತ್ತ ತಿರುಗಿಸಿದರು.

"ಮೂರ್ ಸಲ ಕೇಂಡ್ರಿ ಮ್ಯಾನೇಜ್ರೆ. ನಿಮ್ ಮನೇಲಿ ಎಂತ ಇಲ್ಲ ಅಂದೇಳಿ ನಂಗ್ ಗೊತ್ತಾಯ್ತ್." ಉಸಿರು ತೆಗೆದುಕೊಂಡರು. "ಅದ್ ನಿಮ್ಗೆ ಕೊಡುಕೆ ನನ್ ಹತ್ರೂ ಇಲ್ಲ."

ಮತ್ತೆ ಗೋಡೆಯ ಕಡೆ ತಿರುಗಿದರು. ನಾಲ್ಕನೆಯ ದಿನ ಹೋದರು.

ಈಗ ನಾನು ಯಾರನ್ನೂ ಏನನ್ನೂ ಎರಡನೆಯ ಸಲ ಕೇಳುವುದಿಲ್ಲ. ಹೊಸಬ ಚೆನ್ನಾಗಿಯೇ ಹೊಯ್ಯುತ್ತಾನೆ. ಅವನ ಬಲಗೈ ಆಗಲೇ ಬೋಳಾಗಿದೆ.